ವ್ಯಾಟ್ ಕೇಳುವ ಮೊದಲು ಓಮ್ ನೋಡಿ

ಕೇಳುಗರಿಗೆ ನಮಸ್ಕಾರ.

ಕಾರಿಗೆ ಸಬ್‌ವೂಫರ್, ಅಂದರೆ ಬಾಸ್ ನುಡಿಸುವ ಸ್ಪೀಕರ್, ಹಾಕಿಸಲು ಕುಶಾಲನಗರಕ್ಕೋ ಮೈಸೂರಿಗೋ ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 1200 ಎಂದಿರುತ್ತದೆ. ಅದು ಕ್ಷಣಮಾತ್ರ ತಾಳುವ ಅಂಕಿ, ಅದನ್ನು ಮರೆತುಬಿಡಿ. ಕೈಪಿಡಿಯಲ್ಲಿ ಆರ್‌ಎಂಎಸ್ ಎಂದು ಸಣ್ಣದಾಗಿ ಬರೆದದ್ದೇ ಸಬ್‌ವೂಫರ್ ಎಡೆಬಿಡದೆ ತಾಳುವ ಶಕ್ತಿ. ಅದರ ಪಕ್ಕದಲ್ಲೇ ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಇರುತ್ತದೆ. ಸಬ್‌ವೂಫರ್ ಮತ್ತು ಅದಕ್ಕೆ ಶಕ್ತಿ ಕೊಡುವ ಆಂಪ್ಲಿಫೈಯರಿನ ಜೋಡಿ ಕೂಡುವುದೂ ಕೆಡುವುದೂ ಅಲ್ಲೇ.

ಒಂದು ಸಬ್‌ವೂಫರಿನಲ್ಲಿ 4 ಓಮ್‌ನ ಎರಡು ಕಾಯಿಲ್ (ತಂತಿಯ ಸುರುಳಿ) ಇವೆ ಎನ್ನೋಣ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ 2 ಓಮ್. ಒಂದರ ಮೈನಸನ್ನು ಇನ್ನೊಂದರ ಪ್ಲಸ್‌ಗೆ ಕೊಟ್ಟರೆ 8 ಓಮ್. ಅಂಥವೇ ಎರಡು ಸಬ್‌ವೂಫರ್ ಇದ್ದು, ಎಲ್ಲವನ್ನೂ ಪ್ಯಾರಲಲ್, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಮಾಡಿದರೆ 1 ಓಮ್‌ಗೆ ಇಳಿಯುತ್ತದೆ. 2 ಓಮ್‌ವರೆಗೆ ಮಾತ್ರ ತಾಳುವ ಆಂಪ್ಲಿಫೈಯರಿಗೆ ಇದನ್ನು ಕೊಟ್ಟರೆ ಕರೆಂಟ್ ಎರಡರಷ್ಟಾಗಿ, ಅದು ತನ್ನನ್ನು ಕಾಪಾಡಿಕೊಳ್ಳಲು ನಿಂತು ಪ್ರೊಟೆಕ್ಟ್ ದೀಪ ಹತ್ತುತ್ತದೆ, ಇಲ್ಲವೇ ಟ್ರಾನ್ಸಿಸ್ಟರ್ ಸುಡುತ್ತದೆ. ಆಂಪ್ಲಿಫೈಯರಿನ ಎರಡು ಚಾನೆಲ್ ಬ್ರಿಡ್ಜ್ ಮಾಡುವಾಗ, ಅಂದರೆ ಎರಡನ್ನೂ ಒಂದಾಗಿಸಿ ಒಂದೇ ಸಬ್‌ವೂಫರಿಗೆ ಕೊಡುವಾಗ, ಇನ್ನೂ ಎಚ್ಚರ ಬೇಕು: ಸಾಮಾನ್ಯವಾಗಿ 4 ಓಮ್‌ಗಿಂತ ಕೆಳಗೆ ಹೋಗಬಾರದು, ಏಕೆಂದರೆ ಪ್ರತಿ ಚಾನೆಲ್‌ಗೂ ಅದರ ಅರ್ಧವೇ ಕಾಣುವುದು. ಜೋಡಿಸುವ ಮೊದಲು ಒಂದೊಂದೇ ಕಾಯಿಲ್‌ಗೆ ಮಲ್ಟಿಮೀಟರ್ ಹಿಡಿಯಿರಿ. 4 ಓಮ್‌ನ ಕಾಯಿಲ್ ಮೂರೂವರೆಯ ಆಸುಪಾಸು ತೋರಿಸಿದರೆ ಸರಿಯಾಗಿದೆ.

ಈಗ ಆಂಪ್, ಅಂದರೆ ಆಂಪ್ಲಿಫೈಯರ್. 300 ವ್ಯಾಟ್ ಆರ್‌ಎಂಎಸ್ ಸಬ್‌ವೂಫರನ್ನು 2 ಓಮ್‌ಗೆ ಜೋಡಿಸಿದ್ದರೆ, 2 ಓಮ್‌ನಲ್ಲೇ ಸುಮಾರು 300 ಕೊಡುವುದನ್ನು ಆರಿಸಿ. ಸಣ್ಣ ಆಂಪ್ ತಾನಾಗಿ ಸಬ್‌ವೂಫರನ್ನು ಸುಡುವುದಿಲ್ಲ. ಸಾಲದೆಂದು ಆಂಪಿನ ಮೇಲಿನ ಗೇನ್ ತಿರುಪನ್ನು ಪೂರ್ತಿ ತಿರುಗಿಸಿದಾಗ ಧ್ವನಿಯ ಅಲೆಯ ತುದಿ ಕತ್ತರಿಸಿಹೋಗುತ್ತದೆ. 200 ವ್ಯಾಟಿನ ಆಂಪ್ ಆಗ 400ರ ಹತ್ತಿರ ತಳ್ಳಬಲ್ಲದು, ಕಾಯಿಲ್ ಕರಗುವುದು ಹಾಗೆ.

ಗೇನ್ ಎಂದರೆ ವಾಲ್ಯೂಮ್ ಅಲ್ಲ, ಸ್ಟೀರಿಯೋ ಕಳಿಸುವ ಸಂಕೇತಕ್ಕೆ ಆಂಪನ್ನು ಹೊಂದಿಸುವ ತಿರುಪು. ಸಬ್‌ವೂಫರಿನ ತಂತಿ ಬಿಚ್ಚಿ, ಬಾಸ್ ಬೂಸ್ಟ್ ಸೊನ್ನೆ ಮಾಡಿ, ಸ್ಟೀರಿಯೋವನ್ನು ಮುಕ್ಕಾಲು ಭಾಗ ಏರಿಸಿ 50 ಹರ್ಟ್ಸ್ ಸ್ವರ ಹಾಕಿ. 300 ವ್ಯಾಟನ್ನು 2 ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು ಇಪ್ಪತ್ನಾಲ್ಕೂವರೆ ವೋಲ್ಟ್. ಆಂಪಿನ ಔಟ್‌ಪುಟ್‌ನಲ್ಲಿ ಎಸಿ ವೋಲ್ಟೇಜ್ ಅಷ್ಟಕ್ಕೆ ಬಂದಾಗ ಗೇನ್ ತಿರುಗಿಸುವುದನ್ನು ನಿಲ್ಲಿಸಿ. ಬಾಸಿಗಿಂತ ಮೇಲಿನ ಸ್ವರಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸ್‌ಗಿರಲಿ.

ಇದೇ ಶಕ್ತಿಗೆ ಕ್ಲಾಸ್ ಡಿ, ಅಂದರೆ ಶಕ್ತಿ ಕಡಿಮೆ ಪೋಲಾಗುವ ಬಗೆಯ ಆಂಪ್, ಸುಮಾರು 27 ಆಂಪಿಯರ್ ಎಳೆಯುತ್ತದೆ. ಶುದ್ಧ ತಾಮ್ರದ 8 ಗೇಜ್ ತಂತಿ, 40 ಆಂಪಿಯರ್ ಫ್ಯೂಸ್. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಾದರೆ ಇನ್ನೂ ದಪ್ಪ ಬೇಕು. ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಲೇಬೇಕು, ತಂತಿ ಕಾರಿನ ಲೋಹದ ಮೈಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ ತಡೆಯುವುದು ಅದೊಂದೇ.

ನಮ್ಮ ಕೊಡಗಿನ ಮಳೆಗಾಲದಲ್ಲಿ ಅರ್ಥ್ ಬೋಲ್ಟ್, ಅಂದರೆ ಆಂಪಿನ ಮೈನಸ್ ತಂತಿಯನ್ನು ಕಾರಿನ ಮೈಗೆ ಬಿಗಿಯುವ ಬೋಲ್ಟ್, ಬೇಗ ತುಕ್ಕು ಹಿಡಿಯುತ್ತದೆ. ಬಣ್ಣ ಕೆರೆದು ಲೋಹ ಕಾಣಿಸಿ, ಬಿಗಿದ ಮೇಲೆ ಮೇಲಿನಿಂದ ಗ್ರೀಸ್ ಸವರಿ. ಒದ್ದೆ ಮ್ಯಾಟ್ ಇರುವ ಸೀಟಿನ ಕೆಳಗೆ ಆಂಪ್ ಇಡಬೇಡಿ.

ಸಂಪಾಜೆ ಘಾಟಿಯಲ್ಲಿ ಲೈಟು, ವೈಪರ್, ಬ್ಲೋವರ್ ಎಲ್ಲವೂ ಓಡುತ್ತಿರುವಾಗ ಪ್ರತಿ ಬಾಸ್ ಪೆಟ್ಟಿಗೂ ಹೆಡ್‌ಲೈಟ್ ಮಂಕಾದರೆ, ಕ್ಷಣಕಾಲದ ಶಕ್ತಿ ಕೂಡಿಡುವ ಕೆಪಾಸಿಟರ್ ಕೊಳ್ಳಲು ಆತುರಪಡಬೇಡಿ. ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರಲಿ, ಹಾಡು ಹಾಕಿಯೇ ಬ್ಯಾಟರಿಯಲ್ಲೂ ಆಂಪಿನಲ್ಲೂ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ತಂತಿ, ಫ್ಯೂಸ್ ಅಥವಾ ಅರ್ಥ್ ಸರಿಪಡಿಸಿ. ಎರಡೂ ಕಡೆ ಒಟ್ಟಿಗೆ ಕುಸಿದರೆ ಬ್ಯಾಟರಿ ಮತ್ತು ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಪರೀಕ್ಷಿಸಿ.