ಟ್ರಿನಿಡಾಡ್‌ನಲ್ಲಿ ಹಿಂದಿ ಚಿತ್ರಗೀತೆ ಹಾಡುವವರು

ಕೇಳುಗರೆ, ನಮಸ್ಕಾರ.

ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ ಹಿಂದೂ ಮದುವೆಯೆಂದರೆ ಮೂರು ದಿನದ ಸಡಗರ. ಶುಕ್ರವಾರ ಹೆಂಗಸರು ಮಣ್ಣು ಅಗೆದು ತರುವ ಮಟಿಕೋರ್ ಶಾಸ್ತ್ರ, ಶನಿವಾರ ಅಡುಗೆಯ ರಾತ್ರಿ, ಭಾನುವಾರ ಮದುವೆ. ಶನಿವಾರ ರಾತ್ರಿ ಒಂದು ಕಡೆ ದೊಡ್ಡ ಹಂಡೆಗಳಲ್ಲಿ ಅಡುಗೆ ಬೇಯುತ್ತಿರುತ್ತದೆ, ಇನ್ನೊಂದು ಕಡೆ ಗಾಯಕನೊಬ್ಬ ಮುಕೇಶ್ ಹಾಡಿದ ಹಳೆಯ ಚಿತ್ರಗೀತೆ ಹಾಡುತ್ತಿರುತ್ತಾನೆ. ಹಾಡುವವನ ಮನೆಮಾತು ಇಂಗ್ಲಿಷ್, ಕೇಳುವವರದೂ ಅದೇ. ಆದರೂ ಪಲ್ಲವಿ ಬಂದ ಕೂಡಲೆ ಎಲ್ಲರೂ ದನಿಗೂಡಿಸುತ್ತಾರೆ. ಆಡಲು ಬಾರದ ಭಾಷೆಯಲ್ಲಿ ಹಾಡಿ ಹೆಸರು ಮಾಡುವವರ ಕಸುಬು ಎಂಥದು, ಅದರಲ್ಲಿ ಏನೇನು ಕಲಿಯಬೇಕು, ಎಲ್ಲಿ ಎಡವುತ್ತಾರೆ? ಇವತ್ತಿನ ಮಾತು ಅದರ ಬಗ್ಗೆ.

1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಭಾರತದ ಕೂಲಿಕಾರರ ಮೊದಲ ತಂಡವನ್ನು ಟ್ರಿನಿಡಾಡ್‌ಗೆ ತಂದಿತು. 1917ರ ಹೊತ್ತಿಗೆ ಹೀಗೆ ಕರಾರಿನ ಮೇಲೆ ಬಂದವರು ಸುಮಾರು 1,44,000 ಮಂದಿ. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು, ಭೋಜಪುರಿ ಆಡುವವರು. ಅವರ ಜೊತೆ ಢೋಲಕ್ ಬಂತು, ಭಜನೆ ಬಂತು, ಮದುವೆಯ ಹಾಡುಗಳು ಬಂದವು. 1935ರಲ್ಲಿ ಹಿಂದಿ ಟಾಕಿ ಚಿತ್ರ ಅಲ್ಲಿಗೆ ತಲುಪಿತು. ಆ ಹೊತ್ತಿಗೆ ಮನೆಯಲ್ಲಿ ಭೋಜಪುರಿ ಸವೆಯತೊಡಗಿತ್ತು. ಮಾತಿನಿಂದ ಜಾರುತ್ತಿದ್ದ ಭಾಷೆ ಸಿನಿಮಾ ಹಾಡಿನ ಮೂಲಕ ಕಿವಿಯಲ್ಲಿ ಉಳಿಯಿತು. 1947ರಲ್ಲಿ ರೇಡಿಯೊ ಟ್ರಿನಿಡಾಡ್ ಶುರುವಾಯಿತು. ಕಮಾಲುದ್ದೀನ್ ಮೊಹಮ್ಮದ್ ನಡೆಸಿಕೊಟ್ಟ ಕಾರ್ಯಕ್ರಮದಲ್ಲಿ ಊರಿನ ಗಾಯಕರಿಗೆ ಬಾನುಲಿಯ ಬಾಗಿಲು ತೆರೆಯಿತು.

ಗಾಯಕರ ಬದುಕನ್ನು ನಿಜಕ್ಕೂ ಬದಲಿಸಿದ್ದು 1970ರಲ್ಲಿ ಮೊಹಮ್ಮದ್ ಸೋದರರು ಆರಂಭಿಸಿದ ‘ಮಸ್ತಾನಾ ಬಹಾರ್’ ಎಂಬ ದೂರದರ್ಶನ ಸ್ಪರ್ಧೆ. ಅದಕ್ಕೂ ಮೊದಲು ಹಾಡುಗಾರ ತನ್ನ ಹಳ್ಳಿಗೆ, ಹೆಚ್ಚೆಂದರೆ ತನ್ನ ಜಿಲ್ಲೆಗೆ ಗೊತ್ತು. ಇಲ್ಲಿ ಒಂದು ಸಂಜೆ ಹಾಡಿದರೆ ಇಡೀ ದ್ವೀಪಕ್ಕೆ ಮುಖ ಪರಿಚಯ. ವೇದಿಕೆಗೆ ಬಂದ ಬಹುಪಾಲು ಗಾಯಕರು ಆರಿಸಿಕೊಂಡದ್ದು ಚಿತ್ರಗೀತೆಗಳನ್ನೇ. ಮೂಲದ ದನಿಗೆ ಎಷ್ಟು ಹತ್ತಿರ ಎಂಬುದೇ ಜನರ ಅಳತೆಗೋಲಾದಾಗ, ‘ನಮ್ಮೂರಿನ ರಫಿ’, ‘ನಮ್ಮೂರಿನ ಮುಕೇಶ್’ ಅನ್ನಿಸಿಕೊಳ್ಳುವುದೇ ದೊಡ್ಡ ಬಿರುದು. ಈ ಬಿರುದು ಸಂಭಾವನೆ ಕೊಡಿಸುತ್ತದೆ, ಜೊತೆಗೆ ಗಾಯಕನನ್ನು ಕಟ್ಟಿಹಾಕುತ್ತದೆ. ಅದಕ್ಕೆ ಮತ್ತೆ ಬರೋಣ.

ಮೊದಲ ಕೆಲಸ ಉಚ್ಚಾರ. ಹಿಂದಿ ಓದಲು ಬಾರದವರು ಸಾಹಿತ್ಯವನ್ನು ರೋಮನ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ತೊಂದರೆ ಶುರುವಾಗುವುದೇ ಇಲ್ಲಿ. ರೋಮನ್ ಬರಹದಲ್ಲಿ ಹ್ರಸ್ವ ದೀರ್ಘಗಳ ಗುರುತು ಉಳಿಯುವುದಿಲ್ಲ. ‘ಕಲೀ’ ಅಂದರೆ ಮೊಗ್ಗು, ‘ಕಾಲೀ’ ಅಂದರೆ ಕಪ್ಪು. ‘ಜಲ್’ ನೀರು, ‘ಜಾಲ್’ ಬಲೆ. ಬರೆಯುವಾಗ ಎರಡಕ್ಕೂ ಒಂದೇ ರೂಪ ಬಂದುಬಿಡುತ್ತದೆ. ತ ಮತ್ತು ಟ, ದ ಮತ್ತು ಡ ಬೆರೆತುಹೋಗುತ್ತವೆ. ಇಂಗ್ಲಿಷ್ ನಾಲಿಗೆ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ, ದಂತ್ಯವೂ ಅಲ್ಲ, ಮೂರ್ಧನ್ಯವೂ ಅಲ್ಲ. ಮಹಾಪ್ರಾಣ ಬಿದ್ದುಹೋಗಿ ‘ಘರ್’ ಹೋಗಿ ‘ಗರ್’ ಆಗುತ್ತದೆ. ‘ಹೈ’ ಏಕವಚನ, ಮೂಗಿನಿಂದ ಬರುವ ‘ಹೈಂ’ ಬಹುವಚನ. ಆ ಮೂಗುಸ್ವರ ತಪ್ಪಿದರೆ ವಾಕ್ಯವೇ ಕುಂಟುತ್ತದೆ.

ಹಿರಿಯ ತಲೆಮಾರಿನವರಲ್ಲಿ ಕಾಣುವ ತಪ್ಪು ಬೇರೆ ಬಗೆಯದು, ಅದು ಭೋಜಪುರಿಯಿಂದ ಬಂದದ್ದು. ‘ಶಾದಿ’ ಅನ್ನುವಲ್ಲಿ ‘ಸಾದಿ’, ವ ಇದ್ದಲ್ಲಿ ಬ. ಇದನ್ನು ತಪ್ಪು ಎನ್ನಲು ಮನಸ್ಸು ಬಾರದು, ಅಜ್ಜಿಯ ಬಾಯಿಯ ಮಾತು ಅದು. ಆದರೆ ಚಿತ್ರಗೀತೆಯ ಸಾಹಿತ್ಯದಲ್ಲಿ ಉರ್ದು ಹೆಜ್ಜೆಹೆಜ್ಜೆಗೂ ಇದೆ, ಗಂಟಲಾಳದಿಂದ ಹೊರಡುವ ಖ, ಗ ಅದಕ್ಕೆ ಬೇಕೇ ಬೇಕು. ಮರಾಠಿ ಮನೆಮಾತಿನ ಲತಾ ಮಂಗೇಶ್ಕರ್ ಕೂಡ ಆರಂಭದ ದಿನಗಳಲ್ಲಿ ಉರ್ದು ಶಿಕ್ಷಕರನ್ನಿಟ್ಟುಕೊಂಡು ಕಲಿತರು. ಮೊಹಮ್ಮದ್ ರಫಿ ಕನ್ನಡದಲ್ಲಿ ಹಾಡಿದ್ದನ್ನು ನೀವು ಕೇಳಿದ್ದರೆ, ಗೊತ್ತಿಲ್ಲದ ಭಾಷೆಗೆ ನಾಲಿಗೆ ಹೊರಳಿಸಲು ಎಷ್ಟು ಶ್ರದ್ಧೆ ಬೇಕು ಎಂಬುದು ನಿಮಗೆ ತಿಳಿದೇ ಇದೆ.

ಹಾಗಾದರೆ ಕಲಿಯುವ ಕ್ರಮ ಏನು? ಮೊದಲ ಕೆಲವು ದಿನ ಹಾಡಲೇಬಾರದು, ಬರೀ ಕೇಳಬೇಕು. ಆಮೇಲೆ ಸಾಹಿತ್ಯ ಬರೆದುಕೊಂಡು, ದೀರ್ಘಕ್ಕೆ ಮೇಲೊಂದು ಗೀಟು, ಮಹಾಪ್ರಾಣಕ್ಕೆ ಒಂದು ಗುರುತು, ಮೂಗುಸ್ವರಕ್ಕೆ ಇನ್ನೊಂದು, ಹೀಗೆ ತನ್ನದೇ ಚಿಹ್ನೆ ಹಾಕಿಕೊಳ್ಳಬೇಕು. ದೇವನಾಗರಿ ಕಲಿತರಂತೂ ಈ ಕಷ್ಟದ ಮುಕ್ಕಾಲು ಪಾಲು ತೀರಿತು. ಮೂರನೆಯದು, ರಾಗವಿಲ್ಲದೆ, ತಾಳಕ್ಕೆ ಸರಿಯಾಗಿ ಬರೀ ಮಾತನ್ನು ಓದುವುದು. ಆಮೇಲೆ ಬಲ್ಲವರ ಹತ್ತಿರ ಕೂತು ಪದಪದದ ಅರ್ಥ ಕೇಳುವುದು. ಅರ್ಥ ತಿಳಿಯದವರು ಉಸಿರನ್ನು ಪದದ ನಡುವೆ ಎಳೆದುಕೊಳ್ಳುತ್ತಾರೆ, ತಿಳಿದವರಿಗೆ ಅದು ಕೂಡಲೆ ಕಿವಿಗೆ ಚುಚ್ಚುತ್ತದೆ. ಪಂಡಿತರು, ಮೌಲ್ವಿಗಳು ಹಿಂದಿನಿಂದಲೂ ಈ ಪಾಠ ಹೇಳುತ್ತ ಬಂದಿದ್ದಾರೆ. 1966ರಲ್ಲಿ ಭಾರತದಿಂದ ಹೋದ ಹರಿಶಂಕರ ಆದೇಶ್ ಅಲ್ಲಿ ಭಾರತೀಯ ವಿದ್ಯಾ ಸಂಸ್ಥಾನ ಕಟ್ಟಿ, ಭಾಷೆ ಮತ್ತು ಶಾಸ್ತ್ರೀಯ ಸಂಗೀತ ಎರಡನ್ನೂ ಕಲಿಸಿದರು.

ಇನ್ನು ಶ್ರುತಿ. ಹೊಸಬರು ಪಲ್ಲವಿ ಹಾಡಿ ನೋಡಿ, ಸುಖವಾಗಿದೆ ಎಂದು ಶ್ರುತಿ ಗಟ್ಟಿ ಮಾಡಿಬಿಡುತ್ತಾರೆ. ಹಾಡಿನ ಅತಿ ಎತ್ತರದ ಸ್ವರ ಇರುವುದು ಸಾಮಾನ್ಯವಾಗಿ ಅಂತರಾದಲ್ಲಿ, ಅಂದರೆ ಚರಣದಲ್ಲಿ. ಆದ್ದರಿಂದ ಅಂತರಾದ ಆ ಒಂದು ಸಾಲನ್ನು ಮೊದಲು ಹಾಡಿ, ಅದು ಮೂರು ಸಲ ಕಷ್ಟವಿಲ್ಲದೆ ಬಂದರೆ ಮಾತ್ರ ಆ ಶ್ರುತಿ ಹಿಡಿಯಬೇಕು. ಮುಕೇಶ್ ಹಾಡುಗಳಲ್ಲಿ ಇದಕ್ಕೆ ತಿರುಗುಮುರುಗು: ದನಿ ಕೆಳಗಿಳಿಯುವ ಸಾಲನ್ನು ಮೊದಲು ನೋಡಬೇಕು, ಇಲ್ಲದಿದ್ದರೆ ಅಲ್ಲಿ ಗಾಳಿ ಮಾತ್ರ ಉಳಿಯುತ್ತದೆ. ಯುಗಳಗೀತೆಯಾದರೆ ಗಂಡು ದನಿಯ ಮೇಲಿನ ಮಿತಿ, ಹೆಣ್ಣು ದನಿಯ ಕೆಳಗಿನ ಮಿತಿ ಎರಡನ್ನೂ ಹಿಡಿದು ನಡುವಿನ ಶ್ರುತಿಗೆ ಒಪ್ಪಬೇಕು.

ಕ್ಯಾಸೆಟ್ ಕಾಲದಲ್ಲಿ ಒಂದು ವಿಚಿತ್ರ ತೊಡಕಿತ್ತು. ಟೇಪ್ ರೆಕಾರ್ಡರ್ ತುಸು ವೇಗವಾಗಿ ಓಡಿದರೂ ಶ್ರುತಿ ಏರುತ್ತದೆ. ಅದನ್ನೇ ಕೇಳಿ ಕಲಿತವರು ಹಾರ್ಮೋನಿಯಂ ಮುಂದೆ ಕೂತಾಗ ಅವರ ದನಿ ಅದರ ಯಾವ ಕೀಲಿಗೂ ಹೊಂದುತ್ತಿರಲಿಲ್ಲ. 78 ಆರ್‌ಪಿಎಂ ಪ್ಲೇಟಿನದು ಇನ್ನೊಂದು ಮಿತಿ. ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಮೂರು ಮೂರೂವರೆ ನಿಮಿಷ, ಹಾಗಾಗಿ ಚಿತ್ರದಲ್ಲಿದ್ದ ಒಂದು ಅಂತರಾ ಎಷ್ಟೋ ಸಲ ಪ್ಲೇಟಿನಲ್ಲಿ ಇರುತ್ತಿರಲಿಲ್ಲ. ಈಗಿನ ತೊಡಕು ಕರೋಕೆ ಟ್ರ್ಯಾಕಿನದು. ಶ್ರುತಿಯನ್ನು ಯಂತ್ರದಲ್ಲಿ ಒಂದೆರಡು ಸ್ವರಸ್ಥಾನ ಸರಿಸಿದರೆ ಸಹಜವಾಗಿಯೇ ಕೇಳುತ್ತದೆ. ನಾಲ್ಕು, ಐದಕ್ಕೆ ಹೋದರೆ ಢೋಲಕ್ಕಿನ ಚರ್ಮದ ನಾದವೇ ಕೆಡುತ್ತದೆ. ಅಷ್ಟು ದೂರ ಸರಿಸಬೇಕಾದರೆ ಟ್ರ್ಯಾಕನ್ನು ಹೊಸದಾಗಿ ನುಡಿಸಿ ಮಾಡಿಸುವುದೇ ಮೇಲು.

ಟ್ರ್ಯಾಕಿಗಿಂತ ಆರ್ಕೆಸ್ಟ್ರಾ ಜೊತೆ ಹಾಡಿದವರೇ ಗಟ್ಟಿಗರಾಗುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಂಬೈಯಲ್ಲಿ ಹತ್ತಾರು ಪಿಟೀಲುಗಳು ನುಡಿಸಿದ್ದನ್ನು ಇಲ್ಲಿ ಒಂದೋ ಎರಡೋ ಕೀಬೋರ್ಡ್ ತುಂಬಿಕೊಡಬೇಕು. ಹಾಗಾಗಿ ಪಲ್ಲವಿ ಮತ್ತು ಅಂತರಾದ ನಡುವಿನ ವಾದ್ಯಸಂಗೀತದ ತುಂಡನ್ನು ಹದಿನಾರು ಆವರ್ತದಿಂದ ಎಂಟಕ್ಕೆ ಇಳಿಸುತ್ತಾರೆ. ಮೂಲ ಧ್ವನಿಮುದ್ರಣವನ್ನೇ ಬಾಯಿಪಾಠ ಮಾಡಿದ ಗಾಯಕ ಆಗ ಅಂತರಾ ಎತ್ತುವ ಜಾಗ ತಪ್ಪುತ್ತಾನೆ. ಆವರ್ತ ಎಣಿಸುವುದನ್ನು ರೂಢಿಸಿಕೊಳ್ಳಬೇಕು, ಢೋಲಕ್ ನುಡಿಸುವವರು ಕೊಡುವ ಉರುಳಿಕೆಗೆ ಕಿವಿ ಕೊಡಬೇಕು. ತಂಡದಲ್ಲಿ ಧಂತಾಲ್ ಇದ್ದರೆ ಕೆಲಸ ಸುಲಭ. ಅದು ಉದ್ದನೆಯ ಕಬ್ಬಿಣದ ಸರಳು, ಕುದುರೆ ಲಾಳದ ಆಕಾರದ ಲೋಹದ ತುಂಡಿನಿಂದ ಬಾರಿಸುತ್ತಾರೆ. ಹಿಂದೆ ಎತ್ತಿನ ಗಾಡಿಯ ಅಚ್ಚಿನಿಂದಲೂ ಮಾಡಿಕೊಳ್ಳುತ್ತಿದ್ದರು. ಅದರ ಕಣಕಣ ಸದ್ದು ಎಷ್ಟು ಗದ್ದಲದಲ್ಲೂ ಲಯ ಕೈಬಿಡದಂತೆ ಕಾಯುತ್ತದೆ.

ಬಯಲಿನ ಕಾರ್ಯಕ್ರಮದಲ್ಲಿ ಗಂಟಲು ಹಾಳಾಗುವುದು ಹಾಡುಗಳ ಸಂಖ್ಯೆಯಿಂದಲ್ಲ. ತನ್ನ ದನಿ ತನಗೆ ಕೇಳದೆ ಕಿರುಚುವುದರಿಂದ. ಗಾಯಕನ ಕಡೆ ತಿರುಗಿದ ಮಾನಿಟರ್ ಸ್ಪೀಕರ್ ಒಂದನ್ನು ಒಪ್ಪಂದದಲ್ಲೇ ಕೇಳಿ ಪಡೆಯಬೇಕು. ಮೈಕು ಬಾಯಿಯಿಂದ ಎರಡು ಮೂರು ಬೆರಳು ದೂರದಲ್ಲಿರಲಿ, ತಾರಸ್ಥಾಯಿಗೆ ಹೋದಾಗ ಒಂದು ಗೇಣು ಹಿಂದೆ ಸರಿಯಲಿ. ರಫಿಯವರ ಎತ್ತರದ ಹಾಡುಗಳನ್ನು ಬೆನ್ನುಬೆನ್ನಿಗೆ ಇಟ್ಟುಕೊಂಡವರು ಎರಡನೇ ಗಂಟೆಗೆ ದನಿ ಕಳೆದುಕೊಳ್ಳುತ್ತಾರೆ, ನಡುವೆ ಕೆಳಸ್ಥಾಯಿಯ ಒಂದು ಹಾಡು ಬೇಕು.

ಹೆಸರು ಬಂದ ಮೇಲೆ ಸುತ್ತಾಟ. ಗಯಾನಾದ ಜಾರ್ಜ್‌ಟೌನ್, ಸುರಿನಾಮ್‌ನ ಪರಮಾರಿಬೊ, ಆಮೇಲೆ ಟೊರಾಂಟೊ, ನ್ಯೂಯಾರ್ಕ್ ನಗರದ ರಿಚ್ಮಂಡ್ ಹಿಲ್. 1975ರಲ್ಲಿ ಸ್ವತಂತ್ರವಾದ ಸುರಿನಾಮ್‌ನಿಂದ ವಲಸೆ ಹೋದವರು ಇರುವ ನೆದರ್ಲೆಂಡ್ಸ್. ಅಮೆರಿಕಕ್ಕೆ ಹೋಗುವವರು ಒಂದು ವಿಷಯ ಮರೆಯಬಾರದು. ಪ್ರವಾಸಿ ವೀಸಾದಲ್ಲಿ ಹೋಗಿ ಸಂಭಾವನೆ ಪಡೆದು ಹಾಡುವಂತಿಲ್ಲ. ಇಂಥ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಪಿ-3 ವರ್ಗದ ವೀಸಾ ಇದೆ. ಅದಕ್ಕೆ ಅಲ್ಲಿನ ಸಂಘಟಕರು ಐ-129 ಅರ್ಜಿಯನ್ನು ಮುಂಚಿತವಾಗಿ ಹಾಕಬೇಕು. ಅರ್ಜಿ ತಡವಾದರೆ, ಟಿಕೆಟ್ ಮಾರಿಯಾದ ಮೇಲೆ ಗಾಯಕನೇ ಬರದ ಸ್ಥಿತಿ.

ಈಗ ಆ ಬಿರುದಿನ ಮಾತಿಗೆ ಬರೋಣ. ಅನುಕರಣೆ ಒಳ್ಳೆಯ ಪಾಠಶಾಲೆ. ಆದರೆ ಇಡೀ ಬದುಕು ಇನ್ನೊಬ್ಬರ ದನಿಯಾಗಿಯೇ ಉಳಿದವರಿಗೆ, ಮೂಲ ಧ್ವನಿಮುದ್ರಣವೇ ಎಲ್ಲರ ಕೈಯಲ್ಲಿ ಸಿಗುವ ಕಾಲ ಬಂದಾಗ ಕರೆಗಳು ಕಡಿಮೆಯಾಗುತ್ತವೆ. 1970ರ ಸುಮಾರಿಗೆ ಟ್ರಿನಿಡಾಡ್‌ನದೇ ಗಾಯಕ ಸುಂದರ್ ಪೋಪೊ ಬೇರೆ ದಾರಿ ಹಿಡಿದರು. ಅಜ್ಜ ಅಜ್ಜಿಯರ ಮೇಲೆ, ಹಿಂದಿ ಮತ್ತು ಅಲ್ಲಿನ ಇಂಗ್ಲಿಷ್ ಬೆರೆಸಿ, ಜನ ಮನೆಯಲ್ಲಿ ಆಡುವಂತೆಯೇ ಹಾಡಿದರು. ಉಚ್ಚಾರ ತಿದ್ದುವ ಗೋಜೇ ಇಲ್ಲ, ಅದು ಅವರದೇ ಮಾತು. 1980ರ ದಶಕದಲ್ಲಿ ಅವರ ಹಾಡುಗಳನ್ನು ಮುಂಬೈಯ ಬಾಬ್ಲಾ ಮತ್ತು ಕಾಂಚನ್ ದಂಪತಿ ಮತ್ತೆ ಧ್ವನಿಮುದ್ರಿಸಿದರು. ಬಾಬ್ಲಾ ಅವರು ಸಂಗೀತ ನಿರ್ದೇಶಕ ಜೋಡಿ ಕಲ್ಯಾಣ್‌ಜಿ ಆನಂದ್‌ಜಿಯವರ ತಮ್ಮ. ಹಿಂದಿ ಚಿತ್ರಗೀತೆ ಹಾಡುತ್ತಿದ್ದ ಕಾಂಚನ್, ಈ ಸಲ ಟ್ರಿನಿಡಾಡ್‌ನ ಪದಗಳನ್ನು ಕಲಿತು ಹಾಡಬೇಕಾಯಿತು.

ನಮಸ್ಕಾರ.