ಸೊಲಾನೊ ಸೋತ ಕೋಚ್ ಅಂತ ನನಗೆ ಅನ್ನಿಸುವುದಿಲ್ಲ

ನಮಸ್ಕಾರ. ಇವತ್ತು ಪೆರು ದೇಶದ ಫುಟ್‌ಬಾಲ್ ಆಟಗಾರ, ಆಮೇಲೆ ಕೋಚ್ ಆದ ನೋಲ್ಬರ್ಟೊ ಸೊಲಾನೊ ಬಗ್ಗೆ ಮಾತಾಡೋಣ. ಇಂಗ್ಲೆಂಡಿನ ನ್ಯೂಕಾಸಲ್ ಕ್ಲಬ್ಬಿನ ಅಭಿಮಾನಿಗಳಿಗೆ ಆತ ಪ್ರೀತಿಯ ನಾಬಿ. "ಆಟಗಾರನಾಗಿ ಸೂಪರ್, ಕೋಚ್ ಆಗಿ ಏನೂ ಇಲ್ಲ" ಅಂತ ಎಷ್ಟೋ ಜನ ಹೇಳುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ.

ಸೊಲಾನೊ ಹುಟ್ಟಿದ್ದು 1974ರಲ್ಲಿ, ಲಿಮಾ ಪಕ್ಕದ ಬಂದರು ಊರು ಕಯಾವೊದಲ್ಲಿ. ಪೆರುವಿನ ಸ್ಪೋರ್ಟಿಂಗ್ ಕ್ರಿಸ್ಟಲ್ ಕ್ಲಬ್ಬಿನಲ್ಲಿ ಲೀಗ್ ಗೆದ್ದ. ಆಮೇಲೆ ಅರ್ಜೆಂಟೀನಾದ ಬೋಕಾ ಜೂನಿಯರ್ಸ್ ಸೇರಿ ಮರಡೋನಾ ಜೊತೆ ಆಡಿದ. 1998ರಲ್ಲಿ ನ್ಯೂಕಾಸಲ್‌ಗೆ ಬಂದ. ಇಂಗ್ಲೆಂಡಿನ ದೊಡ್ಡ ಲೀಗ್ ಆದ ಪ್ರೀಮಿಯರ್ ಲೀಗಿನಲ್ಲಿ ಆಡಿದ ಮೊದಲ ಪೆರು ಆಟಗಾರ ಆತನೇ.

ಅಲ್ಲಿ ಆತನ ಜಾಗ ಬಲಬದಿಯ ಮಿಡ್‌ಫೀಲ್ಡ್. ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕುವ ಆಟಗಾರನಲ್ಲ. ಆದರೆ ಚೆಂಡು ಕಾಲಿಗೆ ಬಂದರೆ ಒಂದು ಕ್ಷಣ ತಡೆದು, ತಲೆ ಎತ್ತಿ ನೋಡುತ್ತಿದ್ದ. ಮುಂದೆ ಗೋಲು ಹೊಡೆಯುವ ಅಲನ್ ಶಿಯರರ್ ಎಲ್ಲಿದ್ದಾನೆ ಅಂತ ಹುಡುಕಿ, ಕ್ರಾಸ್, ಅಂದರೆ ಬದಿಯಿಂದ ಗೋಲಿನ ಮುಂದಕ್ಕೆ ಕೊಡುವ ಚೆಂಡು, ಅಲ್ಲಿಗೇ ಹಾಕುತ್ತಿದ್ದ. ಶಿಯರರ್ ಆ ಕ್ಲಬ್ಬಿಗೆ 206 ಗೋಲು ಹೊಡೆದ. ಅದರಲ್ಲಿ ಈ ಬಲಗಾಲಿನ ಪಾಲೂ ಇದೆ ಅಲ್ವಾ?

ಸೊಲಾನೊಗೆ ಟ್ರಂಪೆಟ್ ಅಂದರೆ ಪ್ರಾಣ. ಮ್ಯಾನೇಜರ್ ಬಾಬಿ ರಾಬ್ಸನ್‌ಗೆ ಫೋನ್ ಮಾಡಿ, ಮಾತಾಡದೆ ಸುಮ್ನೆ ಟ್ರಂಪೆಟ್ ಊದುತ್ತಿದ್ದನಂತೆ. ಎಷ್ಟು ಸಲ ಕೇಳಿದರೂ ನನಗೆ ಈ ಕಥೆ ಹಳೆಯದಾಗುವುದಿಲ್ಲ.

ಈಗ ನೋವಿನ ಭಾಗಕ್ಕೆ ಬರೋಣ. ಪೆರು ಪರ ಸೊಲಾನೊ 95 ಪಂದ್ಯ ಆಡಿದ. ಒಂದೇ ಒಂದು ವಿಶ್ವಕಪ್ ಆಡಲಿಲ್ಲ. 1998ರ ವಿಶ್ವಕಪ್ ಅಂತೂ ಕೈಗೆ ಬಂದೇ ತಪ್ಪಿತು. ಅರ್ಹತಾ ಸುತ್ತಿನಲ್ಲಿ ಪೆರು, ಚಿಲಿ ಎರಡಕ್ಕೂ 25 ಪಾಯಿಂಟ್. ಗೋಲುಗಳ ಅಂತರದಲ್ಲಿ ಚಿಲಿ ಹೋಯಿತು. ಸಾಂಟಿಯಾಗೊದಲ್ಲಿ ಚಿಲಿ ಎದುರು 4-0 ಸೋತಿದ್ದೇ ಮುಳುವಾಯಿತು.

ಕೋಚ್ ಆದ ಮೇಲೆ 2012ರಲ್ಲಿ ಪೆರುವಿನ ಯೂನಿವರ್ಸಿಟಾರಿಯೊ ಕ್ಲಬ್ಬನ್ನು ನೋಡಿಕೊಂಡ. ಹೆಚ್ಚು ದಿನ ಉಳಿಯಲಿಲ್ಲ. 2015ರಲ್ಲಿ ಅರ್ಜೆಂಟೀನಾದ ರಿಕಾರ್ಡೊ ಗರೆಕಾ ಪೆರು ತಂಡ ವಹಿಸಿಕೊಂಡಾಗ ಸೊಲಾನೊ ಸಹಾಯಕನಾಗಿ ಪಕ್ಕದಲ್ಲಿ ನಿಂತ. ನನಗೆ ಮುಖ್ಯ ಅನ್ನಿಸುವುದು ಇದು. ಅಷ್ಟು ದೊಡ್ಡ ಹೆಸರಿದ್ದವನು ಎರಡನೇ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂರುವುದು ಸಣ್ಣ ವಿಷಯವಲ್ಲ. ಗರೆಕಾ ಹೊರಗಿನವರು. ಡ್ರೆಸಿಂಗ್ ರೂಮಿನ ಹುಡುಗರಿಗೆ ಸೊಲಾನೊ ಮನೆಯವನು, ಅವರು ಚಿಕ್ಕಂದಿನಲ್ಲಿ ಟಿವಿಯಲ್ಲಿ ನೋಡಿ ಬೆಳೆದವನು.

2017ರ ನವೆಂಬರ್ 15. ಲಿಮಾದಲ್ಲಿ ನ್ಯೂಜಿಲೆಂಡ್ ವಿರುದ್ಧ 2-0. ಫರ್ಫಾನ್ ಒಂದು, ರಾಮೋಸ್ ಒಂದು. 1982ರ ನಂತರ ಮೊದಲ ಸಲ ಪೆರು ವಿಶ್ವಕಪ್‌ಗೆ ಹೋಯಿತು. ಮಾರನೇ ದಿನ ದೇಶಕ್ಕೇ ರಜೆ. 2018ರ ಆ ವಿಶ್ವಕಪ್‌ನಲ್ಲಿ, ರಷ್ಯಾದಲ್ಲಿ, ಡೆನ್ಮಾರ್ಕ್, ಫ್ರಾನ್ಸ್ ಎದುರು 1-0ರಿಂದ ಸೋತು ಮನೆದಾರಿ ಹಿಡಿದರು ನಿಜ. ಆದರೂ ಸೋಚಿಯಲ್ಲಿ ಆಸ್ಟ್ರೇಲಿಯಾವನ್ನು 2-0 ಸೋಲಿಸಿಯೇ ಹೋದರು. ಆಟಗಾರನಾಗಿ ಸಿಗದ ವಿಶ್ವಕಪ್ ಸೊಲಾನೊಗೆ 43ನೇ ವಯಸ್ಸಿನಲ್ಲಿ ಬೆಂಚಿನ ಮೇಲೆ ಸಿಕ್ಕಿತು. ಮರುವರ್ಷ ದಕ್ಷಿಣ ಅಮೆರಿಕದ ದೇಶಗಳ ಟೂರ್ನಿ ಕೋಪಾ ಅಮೆರಿಕಾದ ಫೈನಲ್.

ಇದನ್ನೆಲ್ಲ ಬಿಟ್ಟು ಬರೀ ಹೆಡ್ ಕೋಚ್ ಆಗಿದ್ದ ಪಂದ್ಯಗಳನ್ನು ಎಣಿಸಿದರೆ ಹೇಗೆ? ಕ್ರಾಸ್ ಹಾಕಿದವನನ್ನು ಗೋಲುಗಳ ಲೆಕ್ಕದಿಂದ ಅಳೆದ ಹಾಗಾಯಿತು. ಹೌದು, 2024ರಲ್ಲಿ ಇಂಗ್ಲೆಂಡಿನ ಬ್ಲೈತ್ ಸ್ಪಾರ್ಟನ್ಸ್ ಎಂಬ ಚಿಕ್ಕ ಕ್ಲಬ್ಬಿನಲ್ಲಿ ಕೆಲವೇ ಪಂದ್ಯಗಳಿಗೆ ಕೆಲಸ ಮುಗಿಯಿತು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅಷ್ಟೆಲ್ಲ ಆಡಿ, ವಿಶ್ವಕಪ್ ನೋಡಿ ಬಂದವನು ಅಂಥ ಮೈದಾನಕ್ಕೂ ಇಳಿದನಲ್ಲ, ಅದು ಆಟದ ಮೇಲಿನ ಪ್ರೀತಿ.

ಈಗ ನಮ್ಮ ನೆರೆಮನೆಯ ಸುದ್ದಿ. 2025ರಲ್ಲಿ ಪಾಕಿಸ್ತಾನ ಸೊಲಾನೊನನ್ನು ರಾಷ್ಟ್ರೀಯ ತಂಡದ ಕೋಚ್ ಮಾಡಿತು. ವಿಶ್ವಕಪ್ ಅರ್ಹತಾ ಪಂದ್ಯ ಒಂದನ್ನು ಆ ದೇಶ ಮೊದಲ ಸಲ ಗೆದ್ದದ್ದೇ 2023ರಲ್ಲಿ, ಕಾಂಬೋಡಿಯಾ ಮೇಲೆ, ಅದೂ 1-0. ಆಗ ಕೋಚ್ ಆಗಿದ್ದವರು ಹಿಂದೆ ಭಾರತ ತಂಡವನ್ನೂ ಕಟ್ಟಿದ ಸ್ಟೀಫನ್ ಕಾನ್‌ಸ್ಟಂಟೈನ್. ಅಂಥ ತಂಡದ ಪಂದ್ಯವನ್ನು ನಾನು ಯಾವತ್ತೂ ಹುಡುಕಿಕೊಂಡು ನೋಡಿದವನಲ್ಲ. ಈಗ ನೋಡುತ್ತೇನೆ. ಬಲಬದಿಯಲ್ಲಿ ಯಾರಾದರೂ ಹುಡುಗ ಓಟ ನಿಲ್ಲಿಸಿ, ತಲೆ ಎತ್ತಿ, ಆಮೇಲೆ ಕ್ರಾಸ್ ಹಾಕುತ್ತಾನಾ ಅಂತ.