ಬಿ.ಎಸ್ಸಿ. ಸೈಕಾಲಜಿ: ಲ್ಯಾಬ್‌ನಲ್ಲಿ ನಿಜವಾಗಿ ಏನು ಮಾಡುತ್ತೇವೆ?

ನಮಸ್ಕಾರ. ಮೈಸೂರಿನಿಂದ ಮಾತಾಡುತ್ತಿದ್ದೇನೆ. ನಾನು ಓದುತ್ತಿರುವುದು ಬಿ.ಎಸ್ಸಿ. ಕಾಂಬಿನೇಷನ್: ಕೆಮಿಸ್ಟ್ರಿ, ಝೂವಾಲಜಿ, ಸೈಕಾಲಜಿ. ಕೊನೆಯ ಹೆಸರು ಕೇಳಿದ ಕೂಡಲೇ "ಅದು ಆರ್ಟ್ಸ್ ಅಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆರ್ಟ್ಸ್‌ನಲ್ಲೂ ಇದೆ. ನಮಗೆ ಜೊತೆಗೆ ಬರುವ ವಿಷಯಗಳು ಬೇರೆ, ಅಷ್ಟೇ. ಬೆಳಗ್ಗೆ ಝೂವಾಲಜಿಯಲ್ಲಿ ನರಕೋಶದ ಚಿತ್ರ, ಮಧ್ಯಾಹ್ನ ಸೈಕಾಲಜಿಯಲ್ಲೂ ಅದೇ ನರಕೋಶ. ಒಂದೇ ಚಿತ್ರ, ಎರಡು ರೆಕಾರ್ಡ್ ಬುಕ್.

ಕೋರ್ಸ್ ಎಷ್ಟು ವರ್ಷ ಅನ್ನೋದು ಈಚೆಗೆ ಎಲ್ಲರಿಗೂ ಗೊಂದಲ. ಕರ್ನಾಟಕದಲ್ಲಿ ನಡುವೆ ನಾಲ್ಕು ವರ್ಷದ ಆನರ್ಸ್ ಪದ್ಧತಿ ಬಂದಿತ್ತು. 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಪಿಯುಸಿಯಲ್ಲಿ ಸೈನ್ಸ್ ಇರಲೇಬೇಕಾ ಅಂದರೆ, ಕಾಂಬಿನೇಷನ್ ನೋಡಿಕೊಂಡು ನಿಯಮ ಬದಲಾಗುತ್ತದೆ. ಆಯಾ ಯೂನಿವರ್ಸಿಟಿಯ ಪ್ರವೇಶದ ನಿಯಮವನ್ನೇ ಓದಿ. ಸೀನಿಯರ್ಸ್ ಹೇಳಿದ್ದನ್ನು ನಂಬಬೇಡಿ, ನನ್ನನ್ನೂ ಸೇರಿಸಿ.

ಸರಿ, ಲ್ಯಾಬ್‌ಗೆ ಹೋಗೋಣ.

ಈಗ ಕಾಣುತ್ತಿರುವುದು ಮಿರರ್ ಡ್ರಾಯಿಂಗ್ ಬೋರ್ಡ್. ಕೆಳಗೆ ಮರದ ಹಲಗೆ. ಅದರ ಮೇಲೆ ಎರಡು ಗೆರೆಯ ನಕ್ಷತ್ರ ಬರೆದ ಹಾಳೆ. ಎದುರಿಗೆ ನಿಲ್ಲಿಸಿದ ಕನ್ನಡಿ. ಮಧ್ಯದಲ್ಲೊಂದು ಅಡ್ಡ ತಗಡು, ಕೈ ನೇರವಾಗಿ ಕಾಣಬಾರದು ಅಂತ. ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು, ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ ನಕ್ಷತ್ರದ ಸುತ್ತ ಒಂದು ಸುತ್ತು ಬರಬೇಕು. ಗೆರೆ ದಾಟಿದರೆ ಒಂದು ತಪ್ಪು. ಪಕ್ಕದಲ್ಲಿ ಸ್ಟಾಪ್‌ವಾಚ್ ಓಡುತ್ತಿರುತ್ತದೆ.

ಸುಲಭ ಅನ್ನಿಸುತ್ತದೆ. ಮೊದಲ ಮೂಲೆ ಬರುವವರೆಗೆ ಮಾತ್ರ. ಅಲ್ಲಿ ತಿರುಗಿಸಬೇಕು ಅಂದಾಗ ಕೈ ಉಲ್ಟಾ ಹೋಗುತ್ತದೆ. ಸರಿ ಮಾಡಲು ಹೋದರೆ ಇನ್ನೂ ಉಲ್ಟಾ. ಪೆನ್ಸಿಲ್ ಒಂದೇ ಜಾಗದಲ್ಲಿ ನಡುಗುತ್ತಾ ನಿಂತುಬಿಡುತ್ತದೆ. ಪ್ರಯೋಗ ಮುಗಿದ ಮೇಲೆ ಅದನ್ನು ಮಾಡಿದವರು ತಮಗೆ ಏನನ್ನಿಸಿತು ಅಂತ ತಮ್ಮದೇ ಮಾತಲ್ಲಿ ಬರೆಯಬೇಕು. ನನ್ನ ಗೆಳತಿ ಬರೆದದ್ದು ಒಂದೇ ಸಾಲು: "ಕೈ ನನ್ನದಲ್ಲ ಅನ್ನಿಸಿತು." ಪೂರ್ತಿ ರೆಕಾರ್ಡ್‌ನಲ್ಲಿ ನನಗೆ ತುಂಬಾ ಇಷ್ಟವಾದ ಸಾಲು ಇದೇ.

ಮೊದಲು ಎಡಗೈ. ಆಮೇಲೆ ಬಲಗೈಯಲ್ಲಿ ಹಲವು ಸಲ ಅಭ್ಯಾಸ. ಕೊನೆಗೆ ಮತ್ತೆ ಎಡಗೈ. ನಡುವೆ ಎಡಗೈಗೆ ಅಭ್ಯಾಸವೇ ಕೊಟ್ಟಿಲ್ಲ. ಆದರೂ ಸಾಮಾನ್ಯವಾಗಿ ಅದರ ಸಮಯವೂ ತಪ್ಪುಗಳೂ ಕಡಿಮೆಯಾಗಿರುತ್ತವೆ. ಒಂದು ಕೈ ಕಲಿತದ್ದು ಇನ್ನೊಂದಕ್ಕೂ ಸ್ವಲ್ಪ ದಾಟಿಕೊಳ್ಳುತ್ತದೆ. ಬೈಲ್ಯಾಟರಲ್ ಟ್ರಾನ್ಸ್‌ಫರ್ ಅನ್ನೋದು ಇದನ್ನೇ.

ಈ ಹಳೇ ಬೋರ್ಡ್‌ನ ದೊಡ್ಡ ಕಥೆ ಇರುವುದು ಬೇರೆ ಕಡೆ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಮೂರ್ಛೆರೋಗ ನಿಲ್ಲಿಸಲು ಮಿದುಳಿನ ಆಪರೇಷನ್ ಮಾಡಿದರು. ಮಿದುಳಿನ ಎರಡೂ ಕಡೆ ಇರುವ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆದುಹಾಕಿದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಲ್ಲಿಂದ ಮುಂದೆ ನಡೆದದ್ದು ಯಾವುದೂ ಆತನ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಆತನಿಗೆ ಇದೇ ಕನ್ನಡಿ, ಇದೇ ನಕ್ಷತ್ರದ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ತಪ್ಪುಗಳು ಇಳಿಯುತ್ತಾ ಬಂದವು. ಆತನಿಗೋ ಇದನ್ನು ಹಿಂದೆ ಮಾಡಿದ ನೆನಪೇ ಇಲ್ಲ! ಮಿಲ್ನರ್ ಅದನ್ನು 1962ರಲ್ಲಿ ಪ್ರಕಟಿಸಿದರು. ನಡೆದ ಸಂಗತಿಯ ನೆನಪು ಬೇರೆ, ಕೈಗೆ ಹತ್ತಿದ ಕೆಲಸದ ನೆನಪು ಬೇರೆ, ಎರಡೂ ಮಿದುಳಿನ ಒಂದೇ ಭಾಗವನ್ನು ನೆಚ್ಚಿಕೊಂಡಿಲ್ಲ ಅಂತ ಗೊತ್ತಾದದ್ದು ಹೀಗೆ. ಪಾಠದಲ್ಲಿ ಓದಿದಾಗ ಇದು ಪರೀಕ್ಷೆಗೆ ಬರುವ ಐದು ಮಾರ್ಕಿನ ಪ್ರಶ್ನೆ. ಬೋರ್ಡ್ ಮುಂದೆ ಕೂತು ಬೆವರಿದ ಮೇಲೆ ಹಾಗನ್ನಿಸುವುದಿಲ್ಲ.

ಲ್ಯಾಬ್‌ನಲ್ಲಿ ಕಷ್ಟದ ಕೆಲಸ ನಕ್ಷತ್ರ ಬರೆಯುವುದಲ್ಲ, ಬರೆಸುವುದು. ಎಲ್ಲರಿಗೂ ಒಂದೇ ಸೂಚನೆ, ಅದೇ ಪದಗಳಲ್ಲಿ ಹೇಳಬೇಕು. ನಡುವೆ ಬಾಯಿ ಬಿಡಬಾರದು. ಒಮ್ಮೆ ಪಕ್ಕದ ಟೇಬಲ್‌ನವಳು "ಪರವಾಗಿಲ್ಲ ಕಣೇ, ಚೆನ್ನಾಗಿ ಮಾಡ್ತಿದ್ದೀಯ" ಅಂದಳು. ಮೇಡಂ ಅಲ್ಲೇ ನಿಲ್ಲಿಸಿದರು. "ನೀನೀಗ ಎಕ್ಸ್‌ಪೆರಿಮೆಂಟರಮ್ಮ, ಫ್ರೆಂಡ್ ಅಲ್ಲ. ಆ ಒಂದು ಮಾತಿಗೇ ರಿಸಲ್ಟ್ ಬದಲಾಗಬಹುದು." ಮೊದಲಿಂದ ಶುರು ಮಾಡಿಸಿದರು, ಅದೂ ಬೇರೊಬ್ಬರನ್ನು ಕೂರಿಸಿ. ಯಾಕಂದರೆ ಮೊದಲಿನವಳಿಗೆ ಆಗಲೇ ಅಭ್ಯಾಸ ಆಗಿಬಿಟ್ಟಿತ್ತಲ್ಲ.

ಸ್ಟ್ರೂಪ್ ಪ್ರಯೋಗ ನೀವು ಮೊಬೈಲ್‌ನಲ್ಲಿ ಆಟದ ಥರ ನೋಡಿರುತ್ತೀರಿ. ಒಂದು ಬಣ್ಣದ ಹೆಸರನ್ನು ಇನ್ನೊಂದು ಬಣ್ಣದ ಇಂಕಿನಲ್ಲಿ ಬರೆದಿರುತ್ತಾರೆ. ಪದ ಓದಬಾರದು, ಇಂಕಿನ ಬಣ್ಣ ಹೇಳಬೇಕು. ರಿಡ್ಲಿ ಸ್ಟ್ರೂಪ್ ಇದನ್ನು 1935ರಲ್ಲಿ ಪ್ರಕಟಿಸಿದ್ದು. ನಾವು ಸ್ಕೆಚ್ ಪೆನ್ ತಗೊಂಡು ಕನ್ನಡದ ಕಾರ್ಡ್‌ಗಳನ್ನೂ ಮಾಡಿದೆವು. ಹಸಿರು ಇಂಕಿನಲ್ಲಿ "ಕೆಂಪು", ನೀಲಿಯಲ್ಲಿ "ಹಳದಿ". ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವರು ಕನ್ನಡದ ಕಾರ್ಡ್‌ನಲ್ಲಿ ಜಾಸ್ತಿ ತಡವರಿಸಿದರು. ಇಂಗ್ಲಿಷ್ ಮೀಡಿಯಂನವರು ಇಂಗ್ಲಿಷ್ ಕಾರ್ಡ್‌ನಲ್ಲಿ. ಚೆನ್ನಾಗಿ ಬರುವ ಭಾಷೆಯೇ ಹೆಚ್ಚು ಅಡ್ಡ ಬರುತ್ತದೆ, ಯಾಕಂದರೆ ಅದನ್ನು ಓದದೆ ಇರಲು ಆಗುವುದೇ ಇಲ್ಲ. ಎರಡು ಭಾಷೆ ಬಲ್ಲವರ ಮೇಲೆ ಮಾಡಿದ ಸಂಶೋಧನೆಗಳಲ್ಲೂ ಇದು ಕಂಡಿದೆ. ನಮಗಂತೂ ಖುಷಿಯೋ ಖುಷಿ. ಆದರೆ ಮೇಡಂ ಅದನ್ನು ಕನ್‌ಕ್ಲೂಷನ್‌ನಲ್ಲಿ ಬರೆಯಲು ಬಿಡಲಿಲ್ಲ. ನಾಲ್ಕಾರು ಜನರ ಮೇಲೆ ಮಾಡಿದ್ದನ್ನು ಎಲ್ಲರಿಗೂ ಅಂತ ಹೇಗೆ ಬರೆಯುತ್ತೀರಿ ಅಂದರು.

ಬಿ.ಎಸ್ಸಿ. ಸೈಕಾಲಜಿ ನನಗೆ ಕಲಿಸಿದ್ದು ಮುಖ್ಯವಾಗಿ ಇದನ್ನೇ. ಮನುಷ್ಯರ ಬಗ್ಗೆ ನಮಗೆ ಅನ್ನಿಸಿದ್ದನ್ನು ತಕ್ಷಣ ನಂಬಬೇಡ, ಅಳೆದು ನೋಡು, ಅಳತೆಯನ್ನೂ ಅನುಮಾನದಿಂದ ನೋಡು. ಅದಕ್ಕೇ ಸ್ಟ್ಯಾಟಿಸ್ಟಿಕ್ಸ್ ಪಾಠ ಬಿಡುವ ಹಾಗಿಲ್ಲ. ಗಣಿತ ತಪ್ಪಿಸಿಕೊಳ್ಳೋಣ ಅಂತ ಸೈಕಾಲಜಿಗೆ ಬಂದವರ ಮುಖ ಆ ಕ್ಲಾಸಿನಲ್ಲಿ ನೋಡಬೇಕು.

ಅಲ್ಲಿ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ರ‍್ಯಾಂಕ್ ಕೋರಿಲೇಷನ್ ಬರುತ್ತದೆ. ಒಂದು ಟೆಸ್ಟಿನಲ್ಲಿ ಮುಂದಿದ್ದವರು ಇನ್ನೊಂದರಲ್ಲೂ ಮುಂದಿದ್ದಾರಾ ಅಂತ ನೋಡುವ ಲೆಕ್ಕ. ಎರಡು ಟೆಸ್ಟಿನ ರ‍್ಯಾಂಕ್‌ಗಳ ವ್ಯತ್ಯಾಸ ತೆಗೆದು, ವರ್ಗ ಮಾಡಿ, ಕೂಡಿಸಿ, ಆರರಿಂದ ಗುಣಿಸುವುದು. ಆ ಆರು ಎಲ್ಲಿಂದ ಬಂತು ಅಂತ ಯಾರೂ ಹೇಳುವುದಿಲ್ಲ, ಸುಮ್ನೆ ಹಾಕಬೇಕು. ಆದರೆ ಈ ಸ್ಪಿಯರ್‌ಮನ್‌ಗೂ ನಮ್ಮೂರಿಗೂ ನೇರ ಸಂಬಂಧ ಇದೆ. ಲಂಡನ್ನಿನಲ್ಲಿ ಅವರ ಕೈಕೆಳಗೆ ಕಲಿತ ಎಂ.ವಿ. ಗೋಪಾಲಸ್ವಾಮಿ ಮೈಸೂರಿಗೆ ಬಂದು 1924ರಲ್ಲಿ ಇಲ್ಲಿನ ಯೂನಿವರ್ಸಿಟಿಯ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಕಲ್ಕತ್ತಾದಲ್ಲಿ ಅದಕ್ಕೂ ಮೊದಲು, 1916ರಲ್ಲಿ ವಿಭಾಗ ಶುರುವಾಗಿತ್ತು. ದೇಶದ ತೀರಾ ಹಳೆಯ ವಿಭಾಗಗಳಲ್ಲಿ ನಮ್ಮದೂ ಒಂದು. ಇದೇ ಗೋಪಾಲಸ್ವಾಮಿ 1935ರಲ್ಲಿ, ಅಂದರೆ ಅಲ್ಲಿ ಸ್ಟ್ರೂಪ್ ತನ್ನ ಬಣ್ಣದ ಕಾರ್ಡ್ ಹಿಡಿದು ಕೂತಿದ್ದ ಹೊತ್ತಿಗೆ, ಇಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಆ ಮೈಸೂರು ಸ್ಟೇಷನ್ನಿನದು. ಆಮೇಲೆ ಆಲ್ ಇಂಡಿಯಾ ರೇಡಿಯೋಗೂ ಅದೇ ಬಂತು. ಸೈಕಾಲಜಿ ಮೇಷ್ಟ್ರು!

ಬುದ್ಧಿಮತ್ತೆ ಪರೀಕ್ಷೆಯ ಪಾಠದಲ್ಲೂ ಹೀಗೇ ಒಂದು ಹೆಸರು ಸಿಗುತ್ತದೆ. ವಿ.ವಿ. ಕಾಮತ್ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಅಂತ ಅದು ಈಗಲೂ ಬಳಕೆಯಲ್ಲಿದೆ. ಉಳಿದಂತೆ ಪುಸ್ತಕದ ತುಂಬಾ ಅಮೆರಿಕದ ಕಾಲೇಜು ಹುಡುಗರ ಮೇಲಿನ ಪ್ರಯೋಗಗಳೇ. ನಮ್ಮ ಪಠ್ಯಕ್ಕೆ ಇನ್ನಷ್ಟು ಊರಿನ ಸಂಶೋಧನೆ ಬರಬೇಕು ಅನ್ನೋದು ನನ್ನ ತಕರಾರು.

ಇನ್ನು ಎಲ್ಲರೂ ಕೇಳುವುದು, ಡಿಗ್ರಿ ಮುಗಿದರೆ ಏನಾಗುತ್ತೀಯ? ಪಕ್ಕದ ಮನೆ ಆಂಟಿಗೆ ನಾನು ಈಗಲೇ ಡಾಕ್ಟರ್. "ನಮ್ಮ ಹುಡುಗ ರೂಮಿಂದ ಆಚೆಗೇ ಬರಲ್ಲ ಪುಟ್ಟಾ, ನಿದ್ದೆನೂ ಇಲ್ಲ. ಸ್ವಲ್ಪ ಕೂರಿಸಿಕೊಂಡು ಕೌನ್ಸೆಲಿಂಗ್ ಮಾಡು" ಅಂದರು. ಮಾಡಲಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆಂಟಿಗೆ ಸ್ವಲ್ಪ ಬೇಜಾರಾಯಿತು, ಆಗಲಿ.

ಬಿ.ಎಸ್ಸಿ. ಒಂದರಿಂದಲೇ ಯಾರಿಗೂ ಚಿಕಿತ್ಸೆ ಕೊಡಲು ಬರುವುದಿಲ್ಲ. ಸೈಕಿಯಾಟ್ರಿಸ್ಟ್ ಆಗಬೇಕಾದರೆ ಎಂ.ಬಿ.ಬಿ.ಎಸ್. ದಾರಿ, ಅದು ಬೇರೆಯೇ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಎಂ.ಎಸ್ಸಿ. ಆದ ಮೇಲೂ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಮುಗಿಸಿ, ಅಲ್ಲಿ ಹೆಸರು ನೋಂದಾಯಿಸಬೇಕು. ಇಷ್ಟು ಕಾಲ ಆ ತರಬೇತಿ ಅಂದರೆ ಎರಡು ವರ್ಷದ ಎಂ.ಫಿಲ್. ನಿಮ್ಹಾನ್ಸ್‌ನಂಥ ಕಡೆ ಸೀಟು ತುಂಬಾ ಕಡಿಮೆ, ಪೈಪೋಟಿ ವಿಪರೀತ. ಕೋರ್ಸ್‌ಗಳ ಸ್ವರೂಪವೂ ಈಗ ಬದಲಾಗುತ್ತಿದೆ. ಹಾಗಾಗಿ ನೀವು ಸೇರುವ ವರ್ಷ ಏನಿದೆ ಅಂತ ನೋಡಿಕೊಳ್ಳಿ. ಮೂರು ವರ್ಷದಲ್ಲಿ ಕೌನ್ಸೆಲರ್ ಆಗಿ ಅಂತ ಪೋಸ್ಟರ್ ಹಾಕುವ ಕಡೆ ಸ್ವಲ್ಪ ಹುಷಾರು. ಎಚ್‌ಆರ್, ಶಾಲೆ, ಯೂಸರ್ ರಿಸರ್ಚ್ ಕಡೆ ಹೋಗುವವರೂ ಇದ್ದಾರೆ. ಅಲ್ಲಿ ಕೈ ಹಿಡಿಯುವುದು ಮತ್ತದೇ ಸ್ಟ್ಯಾಟಿಸ್ಟಿಕ್ಸ್.

ಕಾಲೇಜು ನೋಡಲು ಹೋದಾಗ ಕ್ಯಾಂಟೀನ್, ಆಡಿಟೋರಿಯಂ ಎಲ್ಲ ಅವರೇ ತೋರಿಸುತ್ತಾರೆ. ನೀವು ಸೈಕಾಲಜಿ ಲ್ಯಾಬ್ ತೋರಿಸಿ ಅಂತ ಕೇಳಿ. ಬೀರು ತೆಗೆಸಿ. ಸ್ಟಾಪ್‌ವಾಚ್ ಓಡುತ್ತದೆಯಾ, ಟೆಸ್ಟ್ ಮ್ಯಾನುಯಲ್‌ಗಳು ಇವೆಯಾ, ಪ್ರಾಕ್ಟಿಕಲ್ಸ್‌ಗೆ ಒಂದು ಬ್ಯಾಚಿನಲ್ಲಿ ಎಷ್ಟು ಜನ ಅಂತ ವಿಚಾರಿಸಿ. "ಬೀರುವಿನ ಕೀ ಯಾರ ಹತ್ರ ಇದೆಯೋ" ಅಂದರೆ, ಇನ್ನೊಂದು ಕಾಲೇಜು ನೋಡಿ.